ಮಳೆ ತಡವಾದಾಗ ಯಾವ ರಾಗಿ?

ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳ ಕೆಂಪು ಮಣ್ಣಿನಲ್ಲಿ ರಾಗಿ ಬೆಳೆಯುವವರಿಗೆ ಮಳೆಯ ಮೇಲೆ ಯಾವ ಹಿಡಿತವೂ ಇಲ್ಲ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಆದರೆ ಈ ಬಯಲುಸೀಮೆಯ ಹೊಲಕ್ಕೆ ಬಿತ್ತನೆಯ ಹದ ಸಿಗುವುದು ಒಂದು ವರ್ಷ ಜೂನ್ ಕೊನೆಗೆ, ಇನ್ನೊಂದು ವರ್ಷ ಆಗಸ್ಟ್ ನಡುವಿಗೆ. 2022ರಲ್ಲಿ ಎಷ್ಟೋ ಕೆರೆಗಳು ಕೋಡಿ ಹರಿದವು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಇಂಥ ಏರುಪೇರನ್ನು ಒಪ್ಪಿಕೊಳ್ಳುವುದೆಂದರೆ ಹಣೆಬರಹವೆಂದು ಕೈಚೆಲ್ಲಿ ಕೂರುವುದು ಎಂದೇ ಹಲವರು ತಿಳಿದಿದ್ದಾರೆ. ರಾಗಿ ಬೇಸಾಯವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ವಿಷಯ ಬೇರೆಯಾಗಿಯೇ ಕಾಣುತ್ತದೆ. ಮಳೆ ತಮ್ಮ ಮಾತು ಕೇಳುವುದಿಲ್ಲವೆಂದು ಮೊದಲೇ ಒಪ್ಪಿದವರಿಗೆ ಉಳಿದ ದಾರಿಗಳು ಕಾಣುತ್ತವೆ. ಒಪ್ಪದವರು ಕಾಯುತ್ತಾ ಕಾಯುತ್ತಾ ಆ ದಾರಿಗಳನ್ನೂ ಕಳೆದುಕೊಳ್ಳುತ್ತಾರೆ.

ತಳಿಯ ಆಯ್ಕೆಯನ್ನೇ ತೆಗೆದುಕೊಳ್ಳಿ. ಎಂಆರ್-6ರಂಥ ದೀರ್ಘಾವಧಿ ರಾಗಿ ಕಟಾವಿಗೆ ಬರಲು ಸುಮಾರು 120 ದಿನ ಬೇಕು. ಜಿಪಿಯು-28ಕ್ಕೆ 110ರಿಂದ 115 ದಿನ. ಜಿಪಿಯು-48 ನೂರು ದಿನದೊಳಗೇ ಮುಗಿಯುತ್ತದೆ. ಹೊಲದಲ್ಲಿ ಹೆಚ್ಚು ದಿನ ನಿಲ್ಲುವ ತಳಿ ಸಾಮಾನ್ಯವಾಗಿ ಹೆಚ್ಚು ಇಳುವರಿ ಕೊಡುತ್ತದೆ, ಹುಲ್ಲೂ ಜಾಸ್ತಿ. ಹಾಗಾಗಿ ಜುಲೈ ಮೊದಲಿಗೇ ಹದ ಸಿಕ್ಕರೆ ಅದನ್ನು ಬಿತ್ತುವುದೇ ಸರಿ. ಹದ ಸಿಕ್ಕಿದ್ದು ಆಗಸ್ಟ್ ನಡುವಿಗೆ ಎಂದಾದರೆ ಅದೇ ತಳಿ ಡಿಸೆಂಬರ್ ನಡುವಿನವರೆಗೆ ಹೊಲದಲ್ಲಿ ನಿಲ್ಲಬೇಕಾಗುತ್ತದೆ. ತೆನೆಯಲ್ಲಿ ಕಾಳು ತುಂಬುವ ಹೊತ್ತಿಗೆ ಮಳೆ ಹಿಂದೆ ಸರಿದು ನೆಲ ಒಣಗಿರುತ್ತದೆ. ಆಗ ಕಡಿಮೆ ಇಳುವರಿಯ ಅಲ್ಪಾವಧಿ ತಳಿಯೇ ಉತ್ತಮ. ಇಂಡಾಫ್ ತಳಿಗಳಿಂದ ಮನೆಮಾತಾದ ‘ರಾಗಿ ಲಕ್ಷ್ಮಣಯ್ಯ’ ಅವರ ಕಾಲದಿಂದ ಇಂದಿನವರೆಗೆ ನಮ್ಮ ವಿಜ್ಞಾನಿಗಳು ಬೇರೆ ಬೇರೆ ಅವಧಿಯ ತಳಿಗಳನ್ನು ಕೊಡುತ್ತಾ ಬಂದಿದ್ದಾರೆ. ‘ಕಳೆದ ವರ್ಷ ಇದೇ ಬಿತ್ತಿದ್ದೆ, ಚೆನ್ನಾಗಿ ಬಂತು’ ಎಂದು ಹಟ ಹಿಡಿಯುವುದು ಮೇಲ್ನೋಟಕ್ಕೆ ಛಲದಂತೆ ಕಂಡೀತು. ನಿಜದಲ್ಲಿ ಅದು ಈ ವರ್ಷದ ಮಳೆಯನ್ನು ಒಪ್ಪಿಕೊಳ್ಳಲು ನಿರಾಕರಿಸುವುದು.

ಹಳೆಯ ಅಕ್ಕಡಿ ಪದ್ಧತಿಯಲ್ಲಿ ಈ ತಿಳಿವಳಿಕೆ ಇನ್ನೂ ಆಳವಾಗಿದೆ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳದ ಸಾಲು ಹಾಕಿದವರು ಯಾವ ತಿಂಗಳ ಮಳೆ ಕೈಕೊಡುತ್ತದೆಂದು ಊಹಿಸುವ ಗೋಜಿಗೇ ಹೋಗಲಿಲ್ಲ. ಯಾವುದು ಕೈಕೊಟ್ಟರೂ ಒಂದಾದರೂ ಉಳಿಯಲಿ ಎಂದು ಬಿತ್ತಿದರು. ತೊಗರಿಯ ಬೇರು ರಾಗಿಯ ಬೇರಿಗಿಂತ ಆಳಕ್ಕೆ ಇಳಿಯುತ್ತದೆ. ರಾಗಿ ಕೊಯ್ದ ಮೇಲೂ ಅದು ಹೊಲದಲ್ಲೇ ನಿಂತು ಕೊನೆಯ ಮಳೆಯ ತೇವವನ್ನು ಕಾಳಾಗಿಸುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂದು ಶಿಫಾರಸು ಮಾಡುವುದೂ ಇದೇ ಲೆಕ್ಕದಲ್ಲಿ. ಒಳ್ಳೆಯ ವರ್ಷದ ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟು ಕೆಟ್ಟ ವರ್ಷಕ್ಕೆ ತೆಗೆಯುತ್ತಿದ್ದುದೂ ಹೀಗೆಯೇ. ಇವರನ್ನು ವಿಧಿವಾದಿಗಳೆಂದು ಕರೆಯಲು ನನಗೆ ಬಾಯಿ ಬಾರದು.

ಇಲ್ಲೊಂದು ಕಷ್ಟದ ಪ್ರಶ್ನೆ ಏಳುತ್ತದೆ. ಆಗಸ್ಟ್‌ನಲ್ಲಿ ಲೆಕ್ಕ ಹಾಕಿ ಅಲ್ಪಾವಧಿ ರಾಗಿ ಬಿತ್ತಿದ ಮೇಲೆ ಆ ವರ್ಷವೇ ಹಿಂಗಾರು ಭರ್ಜರಿಯಾಗಿ ಸುರಿದು, ದೀರ್ಘಾವಧಿ ತಳಿ ಬಿತ್ತಿದ ಪಕ್ಕದ ಹೊಲದವರಿಗೆ ಎಕರೆಗೆ ಎರಡು ಮೂಟೆ ಹೆಚ್ಚು ಬಂದರೆ? ಊರೆಲ್ಲ ಪಕ್ಕದವರನ್ನೇ ಜಾಣರೆನ್ನುತ್ತದೆ. ಫಲ ನೋಡಿ ನಿರ್ಧಾರವನ್ನು ಅಳೆಯುವ ಈ ಅಭ್ಯಾಸ ನಮ್ಮಲ್ಲಿ ಬಹಳ ಬಲವಾಗಿದೆ, ಅದರಿಂದ ಆಗುವ ಹಾನಿಯೂ ದೊಡ್ಡದು. ಬಿತ್ತುವ ದಿನ ಗೊತ್ತಿದ್ದ ಸಂಗತಿಗಳನ್ನು ಇಟ್ಟುಕೊಂಡು ನೋಡಿದರೆ ಆ ನಿರ್ಧಾರ ಅಂದೂ ಸರಿ, ಇಂದೂ ಸರಿ. ಪಕ್ಕದವರದು ಅದೃಷ್ಟ. ಒಮ್ಮೆ ಗೆದ್ದ ಅದೃಷ್ಟವನ್ನು ಜಾಣತನವೆಂದು ಎಣಿಸಿದವರು ಮುಂದಿನ ವರ್ಷವೂ ಅದನ್ನೇ ಮಾಡುತ್ತಾರೆ. ಒಳ್ಳೆಯ ಲೆಕ್ಕ ಹಾಕಿಯೂ ಸೋತವರು ತಮ್ಮನ್ನೇ ಹಳಿದುಕೊಂಡು ಲೆಕ್ಕ ಹಾಕುವುದನ್ನೇ ಬಿಟ್ಟುಬಿಡುತ್ತಾರೆ.

ಮಳೆಯನ್ನೇಕೆ ಒಪ್ಪಿಕೊಳ್ಳಬೇಕು, ನೆಲದೊಳಗಿನ ನೀರಿದೆಯಲ್ಲ ಎನ್ನುವವರಿಗೆ ಕೋಲಾರವೇ ಉತ್ತರ. ಆಕಾಶದ ಹಂಗು ಹರಿದುಕೊಳ್ಳಲು ಅಲ್ಲಿ ಕೊರೆದ ಕೊಳವೆಬಾವಿಗಳು ಸಾವಿರ ಅಡಿ ದಾಟಿದವು, ಅನೇಕ ಕಡೆ ಅಲ್ಲೂ ನೀರಿಲ್ಲ, ಉಳಿದದ್ದು ಸಾಲ. ನೆಲದೊಳಗಿನ ನೀರೂ ಕೊನೆಗೆ ಮಳೆಯದೇ. ಅದಕ್ಕೆ ಹೋಲಿಸಿದರೆ 2014ರ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿದ ಕೃಷಿ ಹೊಂಡ ಸಣ್ಣ ಸಾಧನ. ಬಿದ್ದಷ್ಟು ಮಳೆಯಲ್ಲಿ ಹರಿದು ಹೋಗುವುದನ್ನು ಹಿಡಿದಿಟ್ಟು, ತೆನೆ ಬರುವ ಹೊತ್ತಿಗೆ ಒಂದೆರಡು ನೀರು ಕೊಡುವುದಷ್ಟೇ ಅದರ ಕೆಲಸ. ಆದರೆ ಆ ಒಂದೆರಡು ನೀರಿನಲ್ಲೇ ಬೆಳೆ ಉಳಿಯುವ ವರ್ಷಗಳಿವೆ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ: ಒಪ್ಪಿಕೊಳ್ಳಿ ಎಂಬ ಬುದ್ಧಿಮಾತು ಸದಾ ಬಡವರಿಗೇ ಏಕೆ? ಇದು ನ್ಯಾಯವಾದ ಪ್ರಶ್ನೆ. ಒಬ್ಬರ ಕೈಮೀರಿದ್ದೆಲ್ಲ ಸಮಾಜದ ಕೈಮೀರಿದ್ದಲ್ಲ. ಮಳೆ ಯಾರ ಮಾತನ್ನೂ ಕೇಳದು, ನಿಜ; ಕೆರೆಯ ಹೂಳು, ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯುವ ದಿನ, ವಿಮೆಯ ಹಣ ಕೈಸೇರುವ ತಿಂಗಳು ಇವೆಲ್ಲ ಮನುಷ್ಯರೇ ಮಾಡುವಂಥವು. ಇವನ್ನೂ ಮಳೆಯಂತೆ ಸಹಿಸಿಕೊಳ್ಳಿ ಎನ್ನುವುದು ಅನ್ಯಾಯ. ಹಿಡಿತಕ್ಕೆ ಸಿಗುವುದು ಯಾವುದು, ಸಿಗದ್ದು ಯಾವುದು ಎಂಬ ಗೆರೆಯನ್ನು ಸರ್ಕಾರ ಸರಿಸಲೂಬಲ್ಲದು. ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ. ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿದರೆ ಮುಂದಿನ ಕೆಲವು ದಿನಗಳ ಮುನ್ಸೂಚನೆ ಸಿಗುತ್ತದೆ. ಮಳೆ ತಡವಾದರೆ ಯಾವ ಬೆಳೆ, ಯಾವ ತಳಿ ಎಂಬ ಜಿಲ್ಲಾವಾರು ಬದಲಿ ಯೋಜನೆಯೂ ಬರವಣಿಗೆಯಲ್ಲಿದೆ. ಆದರೆ ಆಗಸ್ಟ್ ಎರಡನೇ ವಾರ ಹದ ಸಿಕ್ಕಾಗ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಲ್ಪಾವಧಿ ರಾಗಿಯ ಬೀಜವೇ ಇಲ್ಲದಿದ್ದರೆ, ಎಷ್ಟೇ ತಿಳಿದ ರೈತರೂ ಮನೆಯಲ್ಲಿದ್ದ ಹಳೆಯ ಬೀಜವನ್ನೇ ಕೂರಿಗೆಗೆ ಹಾಕಬೇಕಾಗುತ್ತದೆ. ಜುಲೈ ಮುಗಿಯುವುದರೊಳಗೆ ಆ ಬೀಜ ಅಲ್ಲಿಗೆ ಬಂದಿರಬೇಕು, ಅದಕ್ಕೆ ಮೋಡ ಅಡ್ಡ ಬರುವುದಿಲ್ಲ.