ತಾತ, ಇದು ಯಾವ ಪುಸ್ತಕದಲ್ಲಿದೆ?

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮೊಮ್ಮಗಳು ಪುಟ್ಟಿ ಲ್ಯಾಪ್‌ಟಾಪ್ ಹಿಡಿದು ಜಗುಲಿಗೆ ಬಂದು ಕೂತಳು. "ತಾತ, ನಾನೊಂದು ಪ್ರಬಂಧ ಬರೀಬೇಕು. ನಾಲ್ಕು ಸಾವಿರ ಪದ!"

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದ ನಾನೇ ಬೆಚ್ಚಿದೆ. ನಮ್ಮ ಕಾಲದಲ್ಲಿ ಪ್ರಬಂಧವೆಂದರೆ 'ಹಸು' ಇಲ್ಲವೇ 'ನಾನು ಪ್ರಧಾನಿಯಾದರೆ'. ಒಂದೂವರೆ ಪುಟ ತುಂಬಿಸಿದರೆ ಮುಗಿಯಿತು.

ಪುಟ್ಟಿ ಬೆಂಗಳೂರಿನಲ್ಲಿ ಐಬಿ ಡಿಪ್ಲೊಮಾ ಓದುತ್ತಿದ್ದಾಳೆ. ನಮ್ಮ ಪಿಯುಸಿಯ ಹಾಗೆಯೇ ಎರಡು ವರ್ಷದ ಓದು. ಇದನ್ನು ನಡೆಸುವ ಸಂಸ್ಥೆ 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ್ದು. ಅಲ್ಲಿ ಪರೀಕ್ಷೆಯ ಜೊತೆಗೆ 'ಎಕ್ಸ್‌ಟೆಂಡೆಡ್ ಎಸ್ಸೆ' ಎಂಬ ಸಂಶೋಧನಾ ಪ್ರಬಂಧವನ್ನೂ ಬರೆಯಬೇಕು. ಪ್ರಶ್ನೆ ಹಾಕಿಕೊಳ್ಳುವವರೂ ವಿದ್ಯಾರ್ಥಿಗಳೇ, ಉತ್ತರ ಹುಡುಕುವವರೂ ಅವರೇ. ಗರಿಷ್ಠ 4,000 ಪದ, ಸುಮಾರು 40 ಗಂಟೆಗಳ ಕೆಲಸ. ಮಾರ್ಗದರ್ಶಕ ಶಿಕ್ಷಕರು ಪೂರ್ತಿ ಕರಡನ್ನು ಒಮ್ಮೆ ಮಾತ್ರ ಓದಿ ಸಲಹೆ ಕೊಡಬಹುದು, ತಿದ್ದಿ ಕೊಡುವಂತಿಲ್ಲ.

"ವಿಷಯ ಏನಮ್ಮ?" ಎಂದೆ.

"ಬೆಂಗಳೂರಿಗೆ ಕರೆಂಟು ಬಂದ ಕಥೆ."

ನನ್ನ ಎದೆ ಉಬ್ಬಿತು. "ಬರ್ಕೋ. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ವಿದ್ಯುತ್ ಬೀದಿದೀಪ ಹೊತ್ತಿತು. ಇಡೀ ಏಷ್ಯಾದಲ್ಲೇ ಮೊದಲು!"

ಪುಟ್ಟಿ ಬರೆದುಕೊಂಡಳು. ಆಮೇಲೆ ತಲೆಯೆತ್ತಿ ಕೇಳಿದಳು: "ತಾತ, ಇದು ಯಾವ ಪುಸ್ತಕದಲ್ಲಿದೆ?"

ನಾನು ಸುಮ್ಮನಾದೆ. ನನಗೆ ಅದನ್ನು ಹೇಳಿದವರು ನಮ್ಮ ಮೇಷ್ಟ್ರು. ನಾನು ನನ್ನ ಮಕ್ಕಳಿಗೆ ಹೇಳಿದೆ. ಪ್ರತಿ ವರ್ಷ 'ಬಿಟ್ಟ ಸ್ಥಳ ತುಂಬಿರಿ'ಯಲ್ಲಿ ಒಂದು ಅಂಕಕ್ಕೆ ಅದೇ ಪ್ರಶ್ನೆ ಕೊಟ್ಟೆ. ಪುಸ್ತಕ ತೆಗೆದು ನೋಡಿದವನಲ್ಲ.

ಮರುವಾರ ಇಬ್ಬರೂ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯಕ್ಕೆ ಹೋದೆವು. ಅದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ. ಶಿವನಸಮುದ್ರದ ವಿದ್ಯುತ್ ಯೋಜನೆಗೆ ಬೆನ್ನೆಲುಬಾಗಿ ನಿಂತವರೂ ಅವರೇ. ನಾನು ಗೆಜೆಟಿಯರ್ ತಿರುವಿದೆ. ಪುಟ್ಟಿ ಬೇರೆ ದೇಶಗಳ ನಗರಚರಿತ್ರೆ ಹುಡುಕಿದಳು. ಸಂಜೆ ಮೆಲ್ಲಗೆ ಹೇಳಿದಳು: "ತಾತ, ಬೇಜಾರು ಮಾಡ್ಕೋಬೇಡಿ. ಚೀನಾದ ಶಾಂಘೈಯಲ್ಲಿ 1882ರಲ್ಲೇ ವಿದ್ಯುತ್ ದೀಪ ಉರಿದಿದೆ. ನಮ್ಮ ಡಾರ್ಜಿಲಿಂಗ್ ಹತ್ತಿರ 1897ರಲ್ಲೇ ಜಲವಿದ್ಯುತ್ ಬಂದಿದೆ."

ಬೇಜಾರಾಯಿತು, ಸುಳ್ಳೇಕೆ ಹೇಳಲಿ? ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಪುಟ್ಟಿಗೆ ಮಾತ್ರ ಅಲ್ಲಿಂದಲೇ ಕೆಲಸ ಶುರು. 'ಕರೆಂಟು ಬಂದ ಕಥೆ' ತೀರಾ ದೊಡ್ಡದಾಯಿತು, ಒಂದೇ ಪ್ರಶ್ನೆಗೆ ಇಳಿಸು ಎಂದರಂತೆ ಅವಳ ಟೀಚರ್. ಕೊನೆಗೆ ಅವಳ ಪ್ರಶ್ನೆ ಹೀಗಾಯಿತು: ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, ಬೆಂಗಳೂರಿನ ಬೀದಿಗೆ ಮೂರು ವರ್ಷ ತಡವಾಯಿತು. ಏಕೆ?

ಎಂಥ ಪ್ರಶ್ನೆ! ನನ್ನ ಮೂವತ್ತು ವರ್ಷದಲ್ಲಿ ಯಾವ ಮಗುವೂ ಹೀಗೆ ಕೇಳಿರಲಿಲ್ಲ. ಕೇಳಲು ನಾನು ಬಿಟ್ಟಿರಲಿಲ್ಲ ಎಂದರೂ ಸರಿಯೇ. ಗಣಿಯ ಯಂತ್ರಗಳು ಹಬೆಯಿಂದ ಓಡುತ್ತಿದ್ದವು, ಉರುವಲಿನ ಖರ್ಚು ವಿಪರೀತ. ವಿದ್ಯುತ್ ಕೊಳ್ಳುತ್ತೇವೆಂದು ಗಣಿ ಕಂಪನಿಗಳು ಒಪ್ಪಂದ ಮಾಡಿಕೊಂಡವು. ಹಾಕಿದ ಬಂಡವಾಳ ಮರಳುತ್ತದೆಂಬ ಭರವಸೆ ಮೈಸೂರು ಸರ್ಕಾರಕ್ಕೆ ಸಿಕ್ಕಿತು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. ಸುಮಾರು 147 ಕಿ.ಮೀ. ತಂತಿ ಎಳೆದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಈ ಹೆಮ್ಮೆ ನಿಜವಾದದ್ದು, ಪುಸ್ತಕದಲ್ಲಿ ತೋರಿಸಬಹುದಾದದ್ದು.

ಕರಡು ಸಿದ್ಧವಾದಾಗ ನನ್ನ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಯಿತು. ಪುಟ್ಟಿ ಹಾಳೆ ಹಿಂದಕ್ಕೆಳೆದುಕೊಂಡಳು. "ಬೇಡ ತಾತ. ತಪ್ಪಿದ್ದರೂ ನನ್ನದೇ ಇರಲಿ." ನೆಟ್‌ನಿಂದ ನಕಲು ಹೊಡೆಯುವುದಾಗಲಿ, ಕಂಪ್ಯೂಟರಿನಿಂದ ಬರೆಸುವುದಾಗಲಿ ಅವಳಿಗೆ ಕಷ್ಟವಿರಲಿಲ್ಲ. ಆದರೆ ಕೊನೆಯಲ್ಲಿ ಟೀಚರ್ ಎದುರು ಕೂತು, ಎಲ್ಲಿ ಹುಡುಕಿದೆ, ಎಲ್ಲಿ ಎಡವಿದೆ ಎಂದು ಬಾಯಿಬಿಟ್ಟು ಹೇಳಬೇಕು. ಎರವಲು ತಂದದ್ದು ಅಲ್ಲಿ ನಿಲ್ಲುವುದಿಲ್ಲ.

ಮಕ್ಕಳೇ, ಇದಕ್ಕೆ ಐಬಿ ಶಾಲೆಯೇ ಬೇಕೆಂದಿಲ್ಲ. ನಿಮ್ಮೂರಿನ ಕೆರೆ ಕಟ್ಟಿಸಿದವರು ಯಾರೆಂದು ಅಜ್ಜಿಯನ್ನು ಕೇಳಿ. ಆಮೇಲೆ ಪಂಚಾಯ್ತಿಯಲ್ಲಿ, ಗ್ರಂಥಾಲಯದಲ್ಲಿ, ಕೆರೆಯ ಕಲ್ಲಿನ ಮೇಲೆ ಹುಡುಕಿ. ಎರಡು ಪುಟ ಬರೆದರೂ ಸಾಕು. ಅಜ್ಜ ಅಜ್ಜಿಯರೇ, ನಾವು ಹೇಳಿದ್ದು ತಪ್ಪೆಂದು ಕಂಡುಬಂದರೆ ಮುನಿಸು ಬೇಡ.

ಮೊನ್ನೆ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಎದ್ದು ನಿಂತು ಹೇಳಿದೆ: "ಏಷ್ಯಾದಲ್ಲೇ ಮೊದಲು ಎಂದು ನಿಮಗೆ ಕಲಿಸಿದ್ದೆ. ಅದು ತಪ್ಪು." ಸಭೆ ನಿಶ್ಶಬ್ದವಾಯಿತು. ತಲೆ ನರೆತ ಒಬ್ಬ ಎದ್ದು ಕೈಮುಗಿದು ಕೇಳಿದ: "ಹಾಗಾದ್ರೆ ಸಾರ್, ಆ ಒಂದು ಮಾರ್ಕು ವಾಪಸ್ ಕೊಡಬೇಕಾ?"