ಮುಂಬರುವ ತೊಡಕಿನ ಲೆಕ್ಕ

ಎರಡು ವರ್ಷಗಳ ಹಿಂದಿನ ಮಾತು. ಸೊಂಟದ ಬಳಿ ಬೆನ್ನುಮೂಳೆಯೊಳಗಿನ ನರಗಳ ಮೇಲೆ ಒತ್ತಡ ಬಿದ್ದು, ನಾಲ್ಕು ಹೆಜ್ಜೆ ನಡೆದರೆ ನನ್ನ ಕಾಲು ಜೋಮು ಹಿಡಿಯುತ್ತಿತ್ತು. ಶಸ್ತ್ರಚಿಕಿತ್ಸೆಯಾಗಬೇಕೆಂದರು ವೈದ್ಯರು. “ಆಮೇಲೆ ತೊಂದರೆ ಏನೂ ಆಗುವುದಿಲ್ಲವಷ್ಟೆ, ಡಾಕ್ಟರೆ?” ಎಂದು ನನ್ನ ಮಡದಿ ಕೇಳಿದಳು. ಅವರು ಭರವಸೆಯ ಬದಲು ಪ್ರಶ್ನೆಗಳನ್ನೇ ಮುಂದಿಟ್ಟರು: ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಉಂಟೆ, ಸಿಗರೇಟು ಸೇದುತ್ತೀರಾ? ಬೆನ್ನಿಗೂ ಸಿಗರೇಟಿಗೂ ಏನು ನಂಟೆಂದು ನಾನು ಒಳಗೊಳಗೇ ಸಿಡುಕಿದೆ.

ನಂಟು ಉಂಟು, ಕೇಳುಗರೆ. ಇಂಥ ಶಸ್ತ್ರಚಿಕಿತ್ಸೆಯ ತರುವಾಯ ಗಾಯ ಕೀವುಗಟ್ಟಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಜೋಡಿಸಿದ ಮೂಳೆಗಳು ಬೆಸೆಯದೆ ಉಳಿಯಬಹುದು. ತಂಬಾಕಿನ ಹೊಗೆ ಮೂಳೆಯ ಬೆಸುಗೆಗೆ ಅಡ್ಡಿಯಾಗುತ್ತದೆ. ಹತೋಟಿ ಮೀರಿದ ಸಕ್ಕರೆ ಸೋಂಕಿಗೆ ದಾರಿಮಾಡಿಕೊಡುತ್ತದೆ.

ಅಪಾಯವನ್ನು ಮೊದಲೇ ಅಳೆಯುವ ಹಂಬಲ ಹಳೆಯದು. 1941ರಲ್ಲಿ ಅಮೆರಿಕದ ಸಕ್ಲಾಡ್, ರೋವೆನ್‌ಸ್ಟೈನ್, ಟೇಲರ್ ಎಂಬ ಮೂವರು ಅರಿವಳಿಕೆ ತಜ್ಞರು ರೋಗಿಗಳನ್ನು ವರ್ಗೀಕರಿಸಿದರು. ಶಸ್ತ್ರಚಿಕಿತ್ಸೆಯ ಅಪಾಯ ಇಷ್ಟೇ ಎನ್ನುವುದು ಆಗದ ಮಾತೆಂದರಿತು, ಅವರು ದೇಹಸ್ಥಿತಿಯನ್ನಷ್ಟೇ ಆಧಾರವಾಗಿಟ್ಟುಕೊಂಡರು. 1987ರಲ್ಲಿ ಮೇರಿ ಚಾರ್ಲ್‌ಸನ್ ಮತ್ತು ಸಂಗಡಿಗರು ರೋಗಿಗಿರುವ ಇತರ ಕಾಯಿಲೆಗಳಿಗೆ ಅಂಕಗಳನ್ನಿತ್ತರು. 2013ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆ, ನಾನಾ ಬಗೆಯ ಶಸ್ತ್ರಚಿಕಿತ್ಸೆಗೊಳಗಾದ 14 ಲಕ್ಷಕ್ಕೂ ಮಿಗಿಲಾದ ರೋಗಿಗಳ ದಾಖಲೆಗಳಿಂದ ಕಂಪ್ಯೂಟರಿನ ಲೆಕ್ಕವೊಂದನ್ನು ರೂಪಿಸಿತು. ರೋಗಿಯ ವಿವರಗಳನ್ನು ಕೊಟ್ಟರೆ ಅಪಾಯ ಶೇಕಡಾ ಎಷ್ಟೆಂದು ಅದು ತಿಳಿಸುತ್ತದೆ.

ಆ ಅಂಕಿಯ ಅರ್ಥವೇನು? ಶೇಕಡಾ ಹತ್ತು ಎಂದರೆ, ನನ್ನಂಥ ನೂರು ಮಂದಿಯಲ್ಲಿ ಸುಮಾರು ಹತ್ತು ಮಂದಿಗೆ ತೊಡಕು ಉಂಟಾದೀತು ಎಂದಷ್ಟೆ. ಆ ಹತ್ತರಲ್ಲಿ ನಾನಿರುವೆನೋ, ಉಳಿದ ತೊಂಬತ್ತರಲ್ಲೋ ಎಂಬುದನ್ನು ಅದು ಹೇಳದು. ಅಮೆರಿಕದ ರೋಗಿಗಳಿಂದ ಕಲಿತ ಲೆಕ್ಕ ನಮ್ಮವರಿಗೂ ಹಾಗೆಯೇ ಹೊಂದುತ್ತದೆಂಬ ಖಾತರಿಯೂ ಇಲ್ಲ. ಅದು ಗಣಿತವೇ ಹೊರತು ಕಣಿಯಲ್ಲ.

ಹಾಗಾದರೆ ಪ್ರಯೋಜನವೇನು? ವಯಸ್ಸನ್ನು ನಾವು ಇಳಿಸಲಾರೆವು, ಸಕ್ಕರೆಯನ್ನು ಇಳಿಸಬಲ್ಲೆವು. ರಕ್ತಹೀನತೆಯನ್ನು ಸರಿಪಡಿಸಬಲ್ಲೆವು, ಹೊಗೆಯನ್ನು ಬಿಡಬಲ್ಲೆವು. ಕಾಯಬಹುದಾದ ಶಸ್ತ್ರಚಿಕಿತ್ಸೆಯಾಗಿದ್ದರೆ ಲೆಕ್ಕವೇ ಸಿದ್ಧತೆಗೆ ಕೈಮರವಾಗುತ್ತದೆ.

ನನಗೆ ಎರಡು ತಿಂಗಳ ಗಡುವು ದೊರೆಯಿತು. ನಲವತ್ತು ವರ್ಷಗಳ ಸಿಗರೇಟನ್ನು ಕೆಳಗಿಟ್ಟೆ. ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ, “ಈಗ ನೂರಕ್ಕೆ ಎಷ್ಟು?” ಎಂದು ಕೇಳುವ ಆಸೆಯಾಯಿತು, ಕೇಳಲಿಲ್ಲ. ನನ್ನ ಪಾಲಿನ ಕೆಲಸ ಮುಗಿದಿತ್ತು. ಮಿಕ್ಕದ್ದು ವೈದ್ಯರ ಕೈಯಲ್ಲಿತ್ತು, ಒಂದಿಷ್ಟು ಯಾರ ಕೈಯಲ್ಲಿಯೂ ಇರಲಿಲ್ಲ. ಈಗ ಸಂಜೆಯ ಹೊತ್ತು ಕೆರೆಯ ಏರಿಯವರೆಗೆ ನಡೆದು ಬರುತ್ತೇನೆ.