ಬಾಖ್ ಕೃತಿಗೆ ಜಾಝ್ ಲೇಪನ: ಅಪಚಾರವೋ, ಆದರವೋ?

ಪಾಶ್ಚಾತ್ಯ ಸಂಗೀತ ಕಲಿತವರಿಗೆ ಯೋಹಾನ್ ಸೆಬಾಸ್ಟಿಯನ್ ಬಾಖ್ (1685-1750) ಹೆಸರು ಹೊಸದಲ್ಲ. ಲೈಪ್ಸಿಗ್ ನಗರದ ಸಂತ ತೋಮಸರ ಇಗರ್ಜಿಯಲ್ಲಿ 1723ರಿಂದ ಕೊನೆಯವರೆಗೂ ಸಂಗೀತದ ಹೊಣೆ ಹೊತ್ತಿದ್ದವರು ಅವರು. ಇಂಥವರ ಕೃತಿಗಳನ್ನು ಜಾಝ್ ಕಲಾವಿದರು ನುಡಿಸಿದರೆ ಅದು ಅಪಚಾರವಲ್ಲವೇ ಎಂಬ ಪ್ರಶ್ನೆ ಸಂಗೀತಾಸಕ್ತರಲ್ಲಿ ಏಳುವುದು ಸಹಜ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೂರು-ನಾಲ್ಕು ಮಂದಿ ಮಾತ್ರ ಸೇರಿ, ಒಬ್ಬರನ್ನೊಬ್ಬರು ಆಲಿಸುತ್ತಾ, ಅಬ್ಬರವಿಲ್ಲದೆ ನುಡಿಸುವ ಜಾಝ್‌ಗೆ ಚೇಂಬರ್ ಜಾಝ್ ಎನ್ನುತ್ತಾರೆ. ಫ್ರಾನ್ಸ್‌ನ ಪಿಯಾನೋ ವಾದಕ ಜಾಕ್ ಲೂಸಿಯೆ 1959ರಲ್ಲಿ ಬಾಸ್ ಮತ್ತು ಡ್ರಮ್ಸ್ ವಾದಕರೊಂದಿಗೆ ಬಾಖ್ ಕೃತಿಗಳನ್ನು ನುಡಿಸಲು ಆರಂಭಿಸಿ ಜಗತ್ಪ್ರಸಿದ್ಧರಾದರು. ಅಮೆರಿಕದ ಮಾಡರ್ನ್ ಜಾಝ್ ಕ್ವಾರ್ಟೆಟ್ 1973ರಲ್ಲಿ 'ಬ್ಲೂಸ್ ಆನ್ ಬಾಖ್' ಧ್ವನಿಮುದ್ರಿಸಿತು. ಅದರಲ್ಲಿನ ನಾಲ್ಕು ಬ್ಲೂಸ್ ರಚನೆಗಳ ಶ್ರುತಿಗಳನ್ನು ಜರ್ಮನ್ ಪದ್ಧತಿಯಲ್ಲಿ ಹೆಸರಿಸಿದರೆ ಬಿ, ಎ, ಸಿ, ಎಚ್ ಎಂದಾಗುತ್ತದೆ. ಅಂದರೆ ಬಾಖ್ ಹೆಸರಿನ ಅಕ್ಷರಗಳೇ!

ಇವರು ಮಾಡುವುದೇನು? ಮೊದಲು ಮೂಲ ರಾಗವನ್ನು ಬರೆದಂತೆಯೇ ನುಡಿಸುತ್ತಾರೆ. ಬಳಿಕ ಅದೇ ಸ್ವರಮೇಳಗಳ ಆಧಾರದ ಮೇಲೆ ಸ್ಥಳದಲ್ಲೇ ಹೊಸದನ್ನು ಕಟ್ಟುತ್ತಾ ಹೋಗಿ, ಕೊನೆಗೆ ಮೂಲಕ್ಕೆ ಮರಳುತ್ತಾರೆ. ಇದು ಬಾಖ್ ಕಾಲಕ್ಕೆ ಅಪರಿಚಿತವೇನೂ ಅಲ್ಲ. ಆಗ ಕೀಬೋರ್ಡ್ ವಾದಕರಿಗೆ ಕೆಳಸ್ವರದ ಸಾಲು ಮತ್ತು ಕೆಲವು ಅಂಕಿಗಳನ್ನಷ್ಟೇ ಬರೆದುಕೊಡುವ ರೂಢಿಯಿತ್ತು, ಉಳಿದುದನ್ನು ವಾದಕರೇ ತುಂಬಬೇಕಿತ್ತು.

ನಮ್ಮಲ್ಲೂ ಇದೇ ಕ್ರಮ. ತ್ಯಾಗರಾಜರ ಕೃತಿಗೆ ನೆರವಲ್, ಕಲ್ಪನಾಸ್ವರ ಸೇರುತ್ತವೆ. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರಂಥ ಖಯಾಲ್ ಗಾಯಕರು ಎರಡೇ ಸಾಲಿನ ಬಂದಿಶ್ ಹಿಡಿದು ರಾಗವನ್ನು ಅರಳಿಸುತ್ತಿದ್ದರು.

ನಮ್ಮ ಕರಾವಳಿಯ ಕದ್ರಿ ಗೋಪಾಲನಾಥರ ಬದುಕೇ ಇದಕ್ಕೆ ದೊಡ್ಡ ಸಾಕ್ಷಿ. ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಅವರು, ಗಮಕಕ್ಕೆ ಒಗ್ಗದೆಂದು ತಿಳಿದಿದ್ದ ಆ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ಸಾಧಿಸಿ ತೋರಿಸಿದರು. ಮುಂಬೈಯ 1980ರ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಂದಿಗೆ ನುಡಿಸಿದರು. 2008ರಲ್ಲಿ ಭಾರತೀಯ ಮೂಲದ ಅಮೆರಿಕನ್ ಕಲಾವಿದ ರುದ್ರೇಶ್ ಮಹಾಂತಪ್ಪ ಅವರೊಂದಿಗೆ 'ಕಿನ್ಸ್‌ಮೆನ್' ಆಲ್ಬಮ್ ಹೊರಬಂತು. ಅದರಲ್ಲಿ ಎ. ಕನ್ಯಾಕುಮಾರಿ ಅವರ ಪಿಟೀಲು, ಮೃದಂಗ, ಗಿಟಾರ್, ಡ್ರಮ್ಸ್ ಒಂದಾಗಿ ಸಾಗುತ್ತವೆ. ಗೋಪಾಲನಾಥರು 2019ರಲ್ಲಿ ನಮ್ಮನ್ನಗಲಿದರು. ಲೂಸಿಯೆ ತೀರಿಕೊಂಡದ್ದೂ ಅದೇ ವರ್ಷ.

ಹಾಗಾದರೆ ಎಲ್ಲ ಬೆರಕೆಯೂ ಒಳ್ಳೆಯದೇ? ಅಲ್ಲ. ಕೃತಿಯನ್ನು ಪೂರ್ತಿ ಅರಿಯದೆ ತಾಳ ಬದಲಿಸಿದರೆ ಅದು ಬರೀ ಗದ್ದಲ. ಲೂಸಿಯೆ ಪ್ಯಾರಿಸಿನ ಸಂಗೀತ ವಿದ್ಯಾಲಯದಲ್ಲಿ ಕಲಿತವರು. ಗೋಪಾಲನಾಥರು ಗುರುಮುಖೇನ ಕಲಿತವರು. ಮೂಲ ಗಟ್ಟಿಯಾಗಿದ್ದುದರಿಂದಲೇ ಅವರ ಸ್ವಾತಂತ್ರ್ಯಕ್ಕೆ ಬೆಲೆ ಬಂತು.

ನಮ್ಮ ಊರಿನ ಬ್ಯಾಂಡ್‌ಗಳಲ್ಲಿ ಸ್ಯಾಕ್ಸೋಫೋನ್, ಟ್ರಂಪೆಟ್ ಹಿಡಿದಿರುವ ಯುವಕ ಯುವತಿಯರು ಇದನ್ನು ಗಮನಿಸಬೇಕು. ಮೊದಲು ಬರೆದದ್ದನ್ನು ಶುದ್ಧವಾಗಿ ನುಡಿಸಿ, ಆಮೇಲೆ ನಿಮ್ಮದನ್ನು ಧೈರ್ಯವಾಗಿ ಸೇರಿಸಿ. ಹಳೆಯ ಕೃತಿಗಳು ಉಳಿಯುವುದು ಹೀಗೆ ಎಂಬುದು ನಮ್ಮ ನಂಬಿಕೆ.